ವಲಸಿಗರ ಸೈನಿಕ ಬೆಂಗಾವಲು: ಅಮೆರಿಕದ ಪಶ್ಚಿಮ ಗಡಿನಾಡು

ಮಿಸೂರಿ ನದೀತೀರದಿಂದ ಆರೆಗನ್ ಪ್ರಾಂತದವರೆಗೆ ಸುಮಾರು 2,000 ಮೈಲಿ ದೀರ್ಘವಾದ ಬಂಡಿದಾರಿಯಲ್ಲಿ ಸಂಸಾರಸಮೇತರಾಗಿ ಸಾಗುತ್ತಿದ್ದ ವಲಸಿಗರ ರಕ್ಷಣಾರ್ಥವಾಗಿ ಅಮೆರಿಕದ ಕಾಂಗ್ರೆಸ್ಸು 1846ರಲ್ಲಿಯೇ ಸೈನಿಕ ಠಾಣ್ಯಗಳ ಸ್ಥಾಪನೆಗೆ ಶಾಸನವನ್ನು ಮಾಡಿತು. ತತ್ಫಲವಾಗಿ 1848ರಲ್ಲಿ ಕಾರ್ನಿ ಕೋಟೆಯೂ, 1849ರಲ್ಲಿ ತುಪ್ಪಳದ ವರ್ತಕರಿಂದ ಕ್ರಯಕ್ಕೆ ಕೊಂಡ ಲಾರಮಿ ಕೋಟೆಯೂ ಸೇನೆಯ ನೆಲೆಗಳಾದುವು. 1860ರಲ್ಲಿ ಸ್ನೇಕ್ ನದಿಯ ಬಳಿ ಅಟ್ಟರ್ ಎಂಬ ವಲಸಿಗರ ತಂಡಕ್ಕೊದಗಿದ ದಾರುಣ ವಿಪತ್ತಿನ ತರುವಾಯ, 1861ರಲ್ಲಿ 50,000 ಡಾಲರುಗಳ ಅನುದಾನವು ಮಂಜೂರಾಗಿ, ಬಂಡಿಸಾಲುಗಳೊಡನೆಯೇ ನಡೆಯುವ ಬೆಂಗಾವಲು ಏರ್ಪಟ್ಟಿತು. 1862 ಮತ್ತು 1863ರಲ್ಲಿ ಅದರ ನಾಯಕನಾಗಿದ್ದ ಕ್ಯಾಪ್ಟನ್ ಮೆಡೋರೆಮ್ ಕ್ರಾಫರ್ಡನು, 1842ರಲ್ಲಿ ತಾನೂ ವಲಸಿಗನಾಗಿ ಆರೆಗನ್ನಿನ ದಾರಿಯನ್ನು ತುಳಿದಿದ್ದವನೆಂಬುದು ವಿಶೇಷವಾಗಿ ಗಮನಾರ್ಹ. ಆದರೆ ಆ ಮಾರ್ಗವು ಮೂಲನಿವಾಸಿಗಳ ಬೇಟೆಯ ನೆಲವನ್ನೇ ಸೀಳಿಕೊಂಡು ಹೋಗಿತ್ತೆಂಬ ಸತ್ಯವನ್ನು ವಿದ್ಯಾರ್ಥಿಗಳು ಮರೆಯಬಾರದು. ಅಲ್ಲದೆ, ದಾರಿಯಲ್ಲಿ ಮಡಿದ ವಲಸಿಗರಲ್ಲಿ ಅಧಿಕಾಂಶ ಜನರು ಕಾಲರಾ ಮೊದಲಾದ ರೋಗಗಳಿಗೆ ತುತ್ತಾದವರು.