ಓದತಕ್ಕವು, ಕೇಳತಕ್ಕವು, ನೋಡತಕ್ಕವು

ರಜೆಯು ಸಮೀಪಿಸಿದಾಗ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಸರ್, ಯಾವ ಪುಸ್ತಕ ಓದಬೇಕು? ಯಾವ ಸಿನೆಮಾ ನೋಡಬಹುದು?” ಪ್ರಶ್ನೆಯು ಚಿಕ್ಕದು, ಉತ್ತರಿಸುವವನ ಹೊಣೆ ಚಿಕ್ಕದಲ್ಲ. ವೈದ್ಯನು ತಾನು ಎಂದೂ ಸೇವಿಸದ ಔಷಧವನ್ನು ರೋಗಿಗೆ ಕೊಡಬಹುದು. ಅಧ್ಯಾಪಕನು ತಾನು ಓದದ ಗ್ರಂಥವನ್ನು ಮಕ್ಕಳಿಗೆ ಶಿಫಾರಸು ಮಾಡಲಾಗದು. ಆದುದರಿಂದ ಒಂದಕ್ಕಿಂತ ಹೆಚ್ಚು ಸಲ ಓದಿ, ಕೇಳಿ, ನೋಡಿ ಮೆಚ್ಚಿದ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಪ್ರತಿಯೊಂದಕ್ಕೂ ಮೆಚ್ಚಿದ ಕಾರಣವನ್ನೂ ಹೇಳುತ್ತೇನೆ. ಈ ಲೇಖನದಲ್ಲಿ ಮುಖ್ಯವಾದುದು ಪಟ್ಟಿಗಿಂತಲೂ ಆ ಕಾರಣವೇ.

ಅದೇಕೆಂದರೆ, ನಮ್ಮದು ಗಡಿನಾಡು. ೧೯೫೬ನೆಯ ಇಸವಿ ನವೆಂಬರ್ ೧ರ ತನಕ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಅಂದಿನಿಂದ ಕೇರಳದಲ್ಲಿದೆ. ಇಲ್ಲಿಯ ಬಾಲಕನು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡುತ್ತಾನೆ, ಪೇಟೆಯಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ, ಕೈಯೊಳಗಿನ ಫೋನಿನಲ್ಲಿ ಹತ್ತಾರು ಭಾಷೆ. ಇಷ್ಟೊಂದು ನುಡಿಗಳು ಕಿವಿಗೆ ಬೀಳುವುದು ಭಾಗ್ಯವೇ ಸರಿ. ಆದರೆ ಒಂದು ಅಪಾಯವೂ ಉಂಟು. ಕನ್ನಡವು ಪಠ್ಯಪುಸ್ತಕದ ಭಾಷೆಯಾಗಿ ಮಾತ್ರ ಉಳಿದರೆ, ಪರೀಕ್ಷೆ ಮುಗಿದ ದಿನವೇ ಅದರ ನಂಟೂ ಮುಗಿಯುತ್ತದೆ. ಒಂದು ಭಾಷೆಯು ಮನಸ್ಸಿನಲ್ಲಿ ಬೇರೂರಬೇಕಾದರೆ ಆ ಭಾಷೆಯಲ್ಲಿ ನಮಗೆ ಪ್ರಿಯವಾದುದು ಏನಾದರೂ ಇರಬೇಕು. ಆ ಪ್ರೀತಿಯನ್ನು ಇನ್ನೊಬ್ಬರಿಗೆ ಅದೇ ಭಾಷೆಯಲ್ಲಿ ವಿವರಿಸಲು ಬರಬೇಕು. “ಚೆನ್ನಾಗಿದೆ”, “ಅಡಿಪೊಳಿ” ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಮೆಚ್ಚುಗೆಯು ನಾಲಗೆಯಲ್ಲೇ ಉಳಿಯಿತು. ಏಕೆ ಚೆನ್ನಾಗಿದೆ ಎಂದು ನಾಲ್ಕು ವಾಕ್ಯ ಹೇಳಲು ತೊಡಗಿದಾಗ ಬುದ್ಧಿಯೂ ಭಾಷೆಯೂ ಜೊತೆಯಾಗಿ ಬೆಳೆಯುತ್ತವೆ.

೧. ಪುಸ್ತಕಗಳು

ಕಿರಿಯ ತರಗತಿಗಳವರಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಮೊದಲಾಗಿ ಹೇಳುತ್ತೇನೆ. ಇದಕ್ಕೆ ಮೂಲವು ಆಂಗ್ಲಕವಿ ರಾಬರ್ಟ್ ಬ್ರೌನಿಂಗನ ಕವನ; ಕಥೆ ನಡೆಯುವುದು ಜರ್ಮನಿಯ ಹ್ಯಾಮೆಲಿನ್ ಪಟ್ಟಣದಲ್ಲಿ. ಕುವೆಂಪು ಅವರು ಅದನ್ನು ತುಂಗೆಯ ದಡಕ್ಕೆ ತಂದು, ಇಲಿಗಳನ್ನೂ ಗೌಡನನ್ನೂ ಜೋಗಿಯನ್ನೂ ಪೂರ್ತಿಯಾಗಿ ನಮ್ಮವರನ್ನಾಗಿ ಮಾಡಿದ್ದಾರೆ. ಗಟ್ಟಿಯಾಗಿ ಓದಿರಿ, ಅರ್ಥಕ್ಕಿಂತ ಮುಂಚೆ ಲಯವೇ ನಿಮ್ಮನ್ನು ಹಿಡಿಯುತ್ತದೆ. ಕೊಟ್ಟ ಮಾತಿಗೆ ತಪ್ಪಿದ ಊರಿಗೆ ಏನಾಯಿತೆಂಬ ನೀತಿಯನ್ನು ಯಾರೂ ನಿಮಗೆ ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಪ್ರೌಢಶಾಲೆಯವರು ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು (೧೯೪೩) ಓದಬೇಕು. ಸುಬ್ರಹ್ಮಣ್ಯದ ಸಮೀಪದ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನೊಬ್ಬನು ಗೋಪಾಲಯ್ಯ ಎಂಬ ವೃದ್ಧರ ಮನೆಯಲ್ಲಿ ತಂಗುತ್ತಾನೆ. ಗೋಪಾಲಯ್ಯನವರು ಕಾಡು ಕಡಿದು ತೋಟವೆಬ್ಬಿಸಿದ ಸಾಹಸಿ. ಮನೆಗೆ ಬಂದವರಿಗೆ ಬೇಕು ಬೇಕಾದಂತೆ ಉಪಚರಿಸುವ ಉದಾರಿ. ಆದರೆ ಮನೆ ಬಿಟ್ಟುಹೋದ ಮಗನ ನೆನಪು ಆ ಮುದಿದಂಪತಿಗಳ ಮಾತುಮಾತಿನ ಅಡಿಯಲ್ಲಿ ನೀರಿನಂತೆ ಹರಿಯುತ್ತಿರುತ್ತದೆ. ಅಡಕೆ ತೋಟದ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇದರಲ್ಲಿಯ ಪ್ರತಿ ಪುಟವೂ ಪರಿಚಿತ. ಉದ್ಯೋಗಕ್ಕಾಗಿ ಬೆಂಗಳೂರಿಗೋ ಗಲ್ಫ್ ದೇಶಗಳಿಗೋ ಮಕ್ಕಳನ್ನು ಕಳುಹಿಸಿದ ಹೆತ್ತವರೂ ಇದನ್ನು ಓದಲಿ. ತಂದೆ ಮಗ ಇಬ್ಬರೂ ಓದಿ ಮಾತನಾಡಬಹುದಾದ ಕಾದಂಬರಿಗಳು ಹೆಚ್ಚಿಲ್ಲ, ಇದು ಅಂಥದೊಂದು.

ವಿಜ್ಞಾನದಲ್ಲಿ ಆಸಕ್ತಿಯುಳ್ಳವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦). ಹಾರುವ ಓತಿಯೊಂದನ್ನು ಹುಡುಕಿ ಹೊರಟವರ ಕಥೆ ಇದು. ಊರವರೆಲ್ಲ ಕೆಲಸಕ್ಕೆ ಬಾರದವನೆಂದು ಬಗೆದ ಮಂದಣ್ಣನಲ್ಲಿ ಕಾಡಿನ ಜೀವಿಗಳ ಅಪೂರ್ವ ತಿಳಿವಳಿಕೆ ಇರುವುದನ್ನು ವಿಜ್ಞಾನಿಯಾದ ಕರ್ವಾಲೊ ಗುರುತಿಸುತ್ತಾರೆ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತವರು ಇದನ್ನು ಓದಿ ಧೈರ್ಯ ತಾಳಲಿ. ಅಧ್ಯಾಪಕರಾದ ನಾವು ಓದಿ ವಿನಯವನ್ನು ಕಲಿಯೋಣ.

ನಮ್ಮ ನೆಲದವರೇ ಆದ ಕಯ್ಯಾರ ಕಿಂಞಣ್ಣ ರೈಗಳ (೧೯೧೫–೨೦೧೫) ಆತ್ಮಕಥೆ ‘ದುಡಿತವೇ ನನ್ನ ದೇವರು’. ಕವಿ, ಅಧ್ಯಾಪಕ, ಕೃಷಿಕ ಮೂವರೂ ಒಬ್ಬನೇ ವ್ಯಕ್ತಿಯಲ್ಲಿ ಹೇಗೆ ಬಾಳಬಹುದೆಂಬುದಕ್ಕೆ ಅದು ಸಾಕ್ಷಿ. ಗದ್ದೆಗಿಳಿಯಲು ನಾಚುವ ಪದವೀಧರನಿಗೂ, ಪುಸ್ತಕ ಹಿಡಿಯಲು ಹೆದರುವ ಕೃಷಿಕನಿಗೂ ಇದು ಸಮಾನವಾಗಿ ಹಿತವನ್ನು ಹೇಳುತ್ತದೆ.

ಮಲಯಾಳವನ್ನು ಬಲ್ಲ ನಮ್ಮ ಮಕ್ಕಳು ವೈಕಂ ಮುಹಮ್ಮದ್ ಬಷೀರರ ‘ಪಾತುಮ್ಮಳ ಆಡು’ ಕೃತಿಯನ್ನು (೧೯೫೯) ಮೂಲದಲ್ಲಿಯೇ ಓದಲಿ. ಲೇಖಕನ ಮನೆಯೊಳಗೆ ಸ್ವೇಚ್ಛೆಯಾಗಿ ತಿರುಗಾಡುವ ಆಡು ಅವನು ಬರೆದ ಪುಸ್ತಕಗಳನ್ನೇ ತಿಂದುಬಿಡುವ ಪ್ರಸಂಗವನ್ನು ಓದಿ ನಗದವರಿಲ್ಲ. ಬಡತನದ ತುಂಬಿದ ಮನೆಯನ್ನು ಇಷ್ಟು ಹಾಸ್ಯದಿಂದಲೂ ಮಮತೆಯಿಂದಲೂ ಬಣ್ಣಿಸಿದುದೇ ನನ್ನ ಮೆಚ್ಚುಗೆಗೆ ಕಾರಣ. ನೆರೆಮನೆಯ ನುಡಿಯ ಸೊಗಸನ್ನು ಅರಿತವನು ತನ್ನ ನುಡಿಯನ್ನು ಇನ್ನಷ್ಟು ಪ್ರೀತಿಸುತ್ತಾನೆ.

೨. ಸಂಗೀತ

ಸಂಗೀತವನ್ನು ಹಿನ್ನೆಲೆಯ ಸದ್ದಾಗಿ ಇಟ್ಟುಕೊಂಡು ಬೇರೆ ಕೆಲಸ ಮಾಡುವುದು ಇಂದಿನ ರೂಢಿ. ದಿನಕ್ಕೆ ಹತ್ತು ನಿಮಿಷವಾದರೂ ಸುಮ್ಮನೆ ಕುಳಿತು, ಕೇಳುವುದನ್ನು ಮಾತ್ರ ಮಾಡಿರಿ.

ಮೊದಲು ಪುರಂದರದಾಸರ ಪದಗಳು. ಕರ್ಣಾಟಕ ಸಂಗೀತವನ್ನು ಕಲಿಯತೊಡಗುವ ಮಗುವು, ಅದು ತಮಿಳರ ಮನೆಯದಿರಲಿ, ತೆಲುಗರ ಅಥವಾ ಮಲಯಾಳಿಗಳ ಮನೆಯದಿರಲಿ, ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ ಆರಂಭಿಸಿ ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಗೆ ಬರುತ್ತದೆ. ಈ ಪಾಠಕ್ರಮವು ದಾಸರದೆಂದು ಪರಂಪರೆಯು ಹೇಳುತ್ತದೆ. ಕನ್ನಡದ ಹರಿದಾಸರೊಬ್ಬರು ದಕ್ಷಿಣದೇಶದ ಮನೆಮನೆಗಳಲ್ಲಿ ಪ್ರಥಮ ಗುರುವಾಗಿರುವುದನ್ನು ಗಡಿನಾಡಿನ ಮಕ್ಕಳು ಅರಿತಿರಬೇಕು.

ಅದೇ ದಾಸರ ಪದಗಳನ್ನು ಹಿಂದೂಸ್ಥಾನಿ ಶೈಲಿಯಲ್ಲಿ ಪಂಡಿತ ಭೀಮಸೇನ ಜೋಶಿಯವರು (೧೯೨೨–೨೦೧೧) ಹಾಡಿದುದನ್ನು ಕೇಳಿರಿ. ಗದಗಿನ ಈ ಬಾಲಕನು ಗುರುವನ್ನರಸಿ ಮನೆ ಬಿಟ್ಟು ಉತ್ತರದೇಶದಲ್ಲಿ ಅಲೆದನು; ಕೊನೆಗೆ ಗುರುಗಳಾಗಿ ದೊರೆತವರು ತನ್ನ ಊರಿಗೆ ಹತ್ತಿರದ ಕುಂದಗೋಳದ ಸವಾಯಿ ಗಂಧರ್ವರು. (ಇದನ್ನು ಓದಿ ಯಾರೂ ಮನೆ ಬಿಟ್ಟು ಹೊರಡತಕ್ಕದ್ದಲ್ಲ, ಬೇಕಾದುದು ಎಷ್ಟೋ ವೇಳೆ ನಮ್ಮ ಮಗ್ಗುಲಲ್ಲೇ ಇರುತ್ತದೆಂಬುದಷ್ಟೇ ಇದರ ಪಾಠ.) ಅವರು ಕನ್ನಡದ ದಾಸರ ಪದಗಳನ್ನೂ ಮರಾಠಿಯ ಅಭಂಗಗಳನ್ನೂ ಸಮಾನ ಭಕ್ತಿಯಿಂದ ಹಾಡಿದರು. ಸಾಹಿತ್ಯದ ಒಂದು ಶಬ್ದವೂ ನುಂಗಿಹೋಗದಂತೆ, ಸ್ವರದ ತುಂಬು ಗಾಂಭೀರ್ಯವೂ ಕುಂದದಂತೆ ಹಾಡುವುದು ಅವರ ಹಿರಿಮೆ.

ಶಿಶುನಾಳ ಷರೀಫರ (೧೮೧೯–೧೮೮೯) ತತ್ತ್ವಪದಗಳನ್ನು ಸಿ. ಅಶ್ವತ್ಥರ ಕಂಠದಲ್ಲಿ ಕೇಳುವುದು ಇನ್ನೊಂದು ಸುಖ. ಹೊಲ, ಮನೆ, ಮಳೆ, ಕೋಳಿ ಇಂಥ ನಿತ್ಯದ ಮಾತುಗಳಲ್ಲೇ ಗಹನವಾದ ಅರ್ಥವನ್ನು ಇಟ್ಟ ಕವಿ ಇವರು.

೩. ಆಟ ಮತ್ತು ಕೂಟ

ಕುಂಬಳೆಯ ಪಾರ್ತಿಸುಬ್ಬನನ್ನು ನೆನೆಯುವ ಈ ನಾಡಿನಲ್ಲಿ ಯಕ್ಷಗಾನವನ್ನು ಶಿಫಾರಸು ಮಾಡಬೇಕಾಗಿ ಬಂದಿರುವುದೇ ಸೋಜಿಗ. ಪತ್ತನಾಜೆಗೆ ಮುನ್ನ ಮೇಳವು ಊರಿಗೆ ಬಂದಾಗ ಮಕ್ಕಳನ್ನು ಆಟಕ್ಕೆ ಕರೆದೊಯ್ಯಿರಿ. ಇರುಳಿಡೀ ಕುಳ್ಳಿರಿಸಬೇಕೆಂದಿಲ್ಲ, ಒಂದು ಪ್ರವೇಶ, ಒಂದು ಯುದ್ಧ ಸಾಕು.

ಆದರೆ ಭಾಷೆಯನ್ನು ಕಲಿಯುವವನಿಗೆ ಆಟಕ್ಕಿಂತಲೂ ತಾಳಮದ್ದಳೆಯು ದೊಡ್ಡ ಪಾಠಶಾಲೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಬಳಿಕ ಅರ್ಥಧಾರಿಗಳು ಬಾಯಿಪಾಠ ಮಾಡದೆ ಆ ಕ್ಷಣದಲ್ಲಿ ಹೊಳೆದ ಮಾತುಗಳಿಂದ ವಾಲಿಯನ್ನೋ ರಾವಣನನ್ನೋ ಕಟ್ಟಿ ನಿಲ್ಲಿಸುತ್ತಾರೆ. ಎದುರಾಳಿಯ ವಾದಕ್ಕೆ ಪ್ರತಿವಾದ ಹೂಡುವಾಗಲೂ ಬೇರೆ ಭಾಷೆಯ ಶಬ್ದವು ನುಸುಳುವುದಿಲ್ಲ. ನಮ್ಮ ಜಿಲ್ಲೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಧ್ವನಿಮುದ್ರಿಕೆಗಳು ಇಂದಿಗೂ ಲಭ್ಯವಿವೆ. ಸೋಲುವ ಪಾತ್ರಕ್ಕೂ ಒಂದು ನ್ಯಾಯವುಂಟೆಂಬುದನ್ನು ಅವನ್ನು ಕೇಳಿಯೇ ತಿಳಿಯಬೇಕು.

೪. ಚಲಚ್ಚಿತ್ರಗಳು

ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (೧೯೫೮) ನಿವೃತ್ತ ಅಧ್ಯಾಪಕನೊಬ್ಬನ ಕಥೆ. ಹೆತ್ತ ಮಕ್ಕಳು ಕಡೆಗಣಿಸಿದಾಗ ಕಲಿಸಿದ ಶಿಷ್ಯನು ಕೈ ಹಿಡಿಯುತ್ತಾನೆ. ಅಧ್ಯಾಪಕನು ಇದನ್ನು ಮೆಚ್ಚಿದರೆ ಆಶ್ಚರ್ಯವೇನೆಂದು ನೀವು ಕೇಳಬಹುದು. ಆದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡತಕ್ಕ ಚಿತ್ರವದು.

‘ಚೋಮನ ದುಡಿ’ (೧೯೭೫) ಕಾರಂತರ ೧೯೩೩ರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ ಚಿತ್ರ. ರಾಷ್ಟ್ರಮಟ್ಟದಲ್ಲಿ ಸ್ವರ್ಣಕಮಲವನ್ನು ಪಡೆಯಿತು, ಚೋಮನಾದ ಎಂ. ವಿ. ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ದೊರೆಯಿತು. ಜೋಡಿ ಎತ್ತುಗಳಿದ್ದರೂ, ಜಾತಿಯ ಕಾರಣದಿಂದ ಉಳಲು ತುಂಡು ನೆಲ ದೊರೆಯದವನ ಸಂಕಟವಿದು. ಮಾತು ಸೋತಲ್ಲಿ ದುಡಿಯು ನುಡಿಯುತ್ತದೆ. ಮೊದಲು ಪುಸ್ತಕವನ್ನು ಓದಿ ಅನಂತರ ಚಿತ್ರವನ್ನು ನೋಡಿರಿ. ಬರೆಹವು ಹೇಳಿದುದನ್ನು ಚಿತ್ರವು ಹೇಗೆ ತೋರಿಸಿತೆಂದು ಹೋಲಿಸಿರಿ.

ಮೂರನೆಯದು ನಮ್ಮ ಹೆಸರನ್ನೇ ಹೊತ್ತುದು: ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ರಿಷಭ್ ಶೆಟ್ಟಿಯವರು ನಿರ್ದೇಶಿಸಿದ, ೨೦೧೮ರಲ್ಲಿ ಬಿಡುಗಡೆಯಾದ ಈ ಚಿತ್ರಕ್ಕೆ ಶ್ರೇಷ್ಠ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಂದಿದೆ. ಮುಚ್ಚಿಹೋಗಲಿರುವ ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ಮಕ್ಕಳು ಹೋರಾಡುತ್ತಾರೆ. ಕನ್ನಡವರಿಯದ ಅಧ್ಯಾಪಕರು ಕನ್ನಡ ತರಗತಿಗೆ ಬಂದಾಗಿನ ಪೇಚು ಅದರಲ್ಲಿ ನಗೆಯಾಗಿ ಬಂದಿದೆ. ನಮಗದು ನಗೆಯ ವಿಷಯವಲ್ಲವೆಂಬುದನ್ನು ನೀವೆಲ್ಲ ಬಲ್ಲಿರಿ. ಎರಡು ಮಾತುಗಳನ್ನು ನೆನಪಿನಲ್ಲಿಟ್ಟು ನೋಡಿರಿ. ನಮ್ಮ ಭಾಷೆಯ ಹಕ್ಕನ್ನು ಕೇಳುವಾಗ ನೆರೆಯವರ ಭಾಷೆಯನ್ನು ಹೀಯಾಳಿಸಬೇಕಾಗಿಲ್ಲ. ಎರಡನೆಯದಾಗಿ, ಚಿತ್ರಮಂದಿರದಲ್ಲಿ ಚಪ್ಪಾಳೆ ತಟ್ಟಿದ ಮಾತ್ರಕ್ಕೆ ಶಾಲೆ ಉಳಿಯದು. ಜೂನ್ ತಿಂಗಳಲ್ಲಿ ಮಗುವಿನ ಕೈ ಹಿಡಿದು ಶಾಲೆಗೆ ತಂದರೆ ಉಳಿಯುತ್ತದೆ.

ಹೆತ್ತವರಲ್ಲಿ ವಿಜ್ಞಾಪನೆ

ಮಕ್ಕಳ ಕೈಯಿಂದ ಫೋನನ್ನು ಕಸಿದುಕೊಂಡು “ಪುಸ್ತಕ ಓದು” ಎಂದರೆ ಪುಸ್ತಕವು ಶಿಕ್ಷೆಯಾಗುತ್ತದೆ. ನೀವು ಓದುವುದನ್ನು ಅವರು ಕಾಣಲಿ. ವಾರದಲ್ಲಿ ಒಂದು ಸಂಜೆ ಊಟದ ಬಳಿಕ ಮನೆಯವರೆಲ್ಲ ಕುಳಿತು, ಆ ವಾರ ಓದಿದ, ಕೇಳಿದ ಅಥವಾ ನೋಡಿದ ಒಂದನ್ನು ಕುರಿತು ಮಾತನಾಡಿರಿ. ಅಕ್ಷರ ಕಲಿಯದ ಅಜ್ಜಿಯ ಬಳಿ ಪಾಡ್ದನವೋ ಅಜ್ಜಿಕಥೆಯೋ ಇರುತ್ತದೆ. ಅದೂ ಆ ಸಂಜೆಯಲ್ಲಿ ಸಲ್ಲಲಿ. ಮಗುವು ನಿಮಗೆ ಒಪ್ಪದ ಚಿತ್ರವನ್ನು ಹೊಗಳಿದರೆ ತಡೆಯಬೇಡಿರಿ, ಕಾರಣವನ್ನು ಕೇಳಿರಿ. ಕಾರಣವನ್ನು ಹುಡುಕತೊಡಗಿದ ಮಗುವು ಒಳ್ಳೆಯದನ್ನೂ ಜೊಳ್ಳನ್ನೂ ತಾನಾಗಿಯೇ ಬೇರ್ಪಡಿಸಲು ಕಲಿಯುತ್ತದೆ.

ಅಭ್ಯಾಸ

(ಅ) ಮೇಲೆ ಹೇಳಿದ ಕೃತಿಗಳಲ್ಲಿ ಒಂದನ್ನು ಈ ರಜೆಯಲ್ಲಿ ಪೂರ್ತಿ ಓದಿರಿ, ಕೇಳಿರಿ ಅಥವಾ ನೋಡಿರಿ.

(ಆ) ಅದು ನಿಮಗೆ ಏಕೆ ಮೆಚ್ಚಿಗೆಯಾಯಿತು ಅಥವಾ ಏಕೆ ಆಗಲಿಲ್ಲವೆಂಬುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. “ಚೆನ್ನಾಗಿದೆ” ಎಂಬ ಪದವನ್ನು ಬಳಸಕೂಡದು.

(ಇ) ಮನೆಯ ಹಿರಿಯರೊಬ್ಬರ ಮೆಚ್ಚಿನ ಪುಸ್ತಕ, ಹಾಡು ಅಥವಾ ಪ್ರಸಂಗವನ್ನು ಕೇಳಿ, ಅವರು ಕೊಟ್ಟ ಕಾರಣವನ್ನು ಅವರ ಮಾತಿನಲ್ಲೇ ದಾಖಲಿಸಿರಿ.

(ಈ) ನಿಮ್ಮ ಅಧ್ಯಾಪಕರು ಓದಿರಲಾರರೆಂದು ನಿಮಗೆ ತೋರುವ ಒಂದು ಪುಸ್ತಕವನ್ನು ಕಾರಣಸಹಿತವಾಗಿ ಅವರಿಗೆ ಶಿಫಾರಸು ಮಾಡಿರಿ. ಶಾಲೆ ತೆರೆದ ಮೊದಲ ವಾರದಲ್ಲಿ ಈ ಬರೆಹಗಳನ್ನು ತರಗತಿಯಲ್ಲಿ ಓದಿಸಲಾಗುವುದು.