ನಾಯಿ ತನ್ನಿ, ಆತುರಪಡಬೇಡಿ

ವರ್ಷಗಟ್ಟಲೆ ಸೊಂಟನೋವು, ಸಂಧಿವಾತದಿಂದ ನರಳುವವರಿಗೆ ನಾಯಿಯ ಒಡನಾಟ ಒಳ್ಳೆಯದೇ. ಹಾಸಿಗೆ ಬಿಟ್ಟೇಳಲು ಅದೊಂದು ನೆಪ. ನಾಲ್ಕು ಹೆಜ್ಜೆ ನಡೆದರೆ ಕೀಲುಗಳ ಬಿಗಿತವೂ ಸಡಿಲವಾಗುತ್ತದೆ. ಆದರೆ ಮುದ್ದು ಮುಖಕ್ಕೆ ಮರುಳಾಗಿ ಮರಿ ತಂದುಬಿಡಬೇಡಿ. ಲ್ಯಾಬ್ರಡಾರ್ ಮರಿ ಬೆಳೆದರೆ 30 ಕಿಲೋ ತೂಗುತ್ತದೆ. ಅದು ಒಮ್ಮೆ ಜಗ್ಗಿದರೆ ನಿಮ್ಮ ಭುಜ ತಡೆದೀತೇ? ಬೇಟೆಯ ತಳಿಯಾದ ಮುಧೋಳ ನಾಯಿಗಂತೂ ಓಟವೇ ಬೇಕು. ನಿಮಗೆ ಒಗ್ಗುವುದು ಶಾಂತ ಸ್ವಭಾವದ, ಬೆಳೆದ ನಾಯಿ. ಬೆಲ್ಟನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಬಗ್ಗಲಾಗದಿದ್ದರೆ ಅದರ ತಟ್ಟೆಯನ್ನು ಸ್ಟೂಲಿನ ಮೇಲಿಡಿ. ನೋವು ಕೆರಳಿದ ದಿನ ಅದನ್ನು ಹೊರಗೆ ಕರೆದೊಯ್ಯುವವರು ಯಾರೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ನಾಯಿ ಬಂತೆಂದು ನಿಮ್ಮ ಔಷಧ ಬಿಡಬೇಡಿ. ಅದರ ರೇಬಿಸ್ ಲಸಿಕೆಯನ್ನೂ ತಪ್ಪಿಸಬೇಡಿ. ಇದು 10–12 ವರ್ಷಗಳ ಸಂಬಂಧ, ಯೋಚಿಸಿ ತನ್ನಿ.