ಉದ್ಯಮವೊಂದು, ವೃತ್ತಿಗಳು ಹಲವು

ವಡೋದರಾ ರೈಲು ನಿಲ್ದಾಣದ ಪಶ್ಚಿಮಕ್ಕೆ ಹೊಂದಿಕೊಂಡಿರುವ ಆಲ್ಕಾಪುರಿಯು ಬ್ಯಾಂಕು, ಹೋಟೆಲು ಹಾಗೂ ಕಚೇರಿಗಳಿಂದ ತುಂಬಿದ ಬಡಾವಣೆ. ಇಲ್ಲಿಂದ ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಅಹಮದಾಬಾದ್, ದಕ್ಷಿಣಕ್ಕೆ ಸುಮಾರು 130 ಕಿ.ಮೀ. ದೂರದಲ್ಲಿ ಸೂರತ್ ಇವೆ. ಒಂದೇ ರೈಲುಮಾರ್ಗದಲ್ಲಿರುವ ಈ ಮೂರು ನಗರಗಳು ಮೂರು ಬಗೆಯ ಉದ್ಯಮಗಳಿಗೆ ಹೆಸರಾಗಿವೆ. ವೃತ್ತಿಯನ್ನು ಆರಿಸಿಕೊಳ್ಳಬೇಕಾದ ಯುವಜನರು ಇವುಗಳ ಅನುಭವದಿಂದ ತಿಳಿಯಬೇಕಾದುದು ಬಹಳಷ್ಟಿದೆ.

ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲರು 1861ರಲ್ಲಿ ಮೊದಲ ಹತ್ತಿಗಿರಣಿಯನ್ನು ಆರಂಭಿಸಿದರು. ಮುಂದೆ ನೂರು ವರ್ಷಗಳಿಗೂ ಹೆಚ್ಚು ಕಾಲ ಗಿರಣಿಯ ಕೆಲಸವೆಂದರೆ ತಂದೆಯಿಂದ ಮಗನಿಗೆ ಬರುವ ಆಸ್ತಿಯೆಂಬ ಭಾವನೆ ಅಲ್ಲಿನ ಕಾರ್ಮಿಕ ಕುಟುಂಬಗಳಲ್ಲಿ ಬೇರೂರಿತ್ತು. ಆದರೆ ವಿದ್ಯುತ್ ಮಗ್ಗಗಳ ಅಗ್ಗದ ಬಟ್ಟೆ, ಕೃತಕ ನೂಲಿಗೆ ಹೆಚ್ಚಿದ ಬೇಡಿಕೆ, ಹಳೆಯದಾದ ಯಂತ್ರಗಳು ಇವೆಲ್ಲ ಕೂಡಿ 1980ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಕಳೆದುಕೊಂಡ ಸಹಸ್ರಾರು ಮಂದಿಯಲ್ಲಿ ಅನೇಕರು ಬೀದಿ ವ್ಯಾಪಾರ, ಆಟೋರಿಕ್ಷಾ, ದಿನಗೂಲಿಗಳನ್ನು ಆಶ್ರಯಿಸಬೇಕಾಯಿತು. ದಾವಣಗೆರೆಯ ಗಿರಣಿಗಳನ್ನು ಕಂಡ ಕನ್ನಡಿಗರಿಗೆ ಈ ಸಂಗತಿ ಹೊಸದೇನಲ್ಲ. ಇದರಲ್ಲಿ ಕಾರ್ಮಿಕರ ತಪ್ಪೂ ಇರಲಿಲ್ಲ. ಆದರೂ ಗಮನಿಸಬೇಕಾದ ಅಂಶವೊಂದುಂಟು. ಗಿರಣಿಯ ಮಗ್ಗವನ್ನು ಮಾತ್ರ ಬಲ್ಲವನ ಕೌಶಲಕ್ಕೆ ಗಿರಣಿಯ ಹೊರಗೆ ಬೇಡಿಕೆ ಕಡಿಮೆ. ಅದೇ ಗಿರಣಿಯ ವಿದ್ಯುತ್ ಕೆಲಸಗಾರ, ಫಿಟ್ಟರ್, ಬಾಯ್ಲರ್ ನಿರ್ವಾಹಕ, ಲೆಕ್ಕಿಗ ಇವರ ಕೌಶಲ ಬೇರೆ ಉದ್ಯಮಕ್ಕೂ ಸಲ್ಲುವಂಥದು. ಅದೇ ನಗರದಲ್ಲಿ 1947ರಲ್ಲಿ ಜವಳಿ ಸಂಶೋಧನಾ ಸಂಸ್ಥೆ ‘ಅಟೀರಾ’, 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಮತ್ತು ಭಾರತೀಯ ವ್ಯವಸ್ಥಾಪನಾ ಸಂಸ್ಥೆ ಸ್ಥಾಪನೆಗೊಂಡವು. ಹೀಗೆ ಬಟ್ಟೆಯ ಸುತ್ತಲೇ ಪ್ರಯೋಗಶಾಲೆ, ವಿನ್ಯಾಸ, ಆಡಳಿತಗಳ ಹಾದಿಗಳೂ ತೆರೆದುಕೊಂಡವು.

ವಡೋದರಾದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು 1890ರಲ್ಲಿಯೇ ತಾಂತ್ರಿಕ ಶಿಕ್ಷಣಕ್ಕಾಗಿ ಕಲಾಭವನವನ್ನು ತೆರೆದಿದ್ದರು. 1907ರಲ್ಲಿ ಅಲೆಂಬಿಕ್ ಕಂಪನಿ ಆರಂಭವಾಯಿತು. ಸಮೀಪದ ಕೊಯಲಿಯಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ 1965ರಲ್ಲಿ ಕಾರ್ಯಾರಂಭ ಮಾಡಿತು. ಇಂತಹ ಕಾರ್ಖಾನೆಗೆ ಇಂಜಿನಿಯರುಗಳೇ ಸಾಕೆಂದು ಭಾವಿಸುವುದುಂಟು. ವೆಲ್ಡರ್, ಮಾಪಕ ಯಂತ್ರಗಳ ದುರಸ್ತಿಗಾರ, ರಸಾಯನ ಪರೀಕ್ಷಕ, ಅಗ್ನಿಶಾಮಕ, ದಾದಿ ಇವರಿಲ್ಲದೆ ಅದು ಒಂದು ದಿನವೂ ನಡೆಯದು.

ಸೂರತ್ತಿನ ವಜ್ರೋದ್ಯಮದಲ್ಲಿ ಶಾಲಾ ಪ್ರಮಾಣಪತ್ರಕ್ಕಿಂತ ಕೈಚಳಕಕ್ಕೆ ಬೆಲೆ ಹೆಚ್ಚು. ಕಚ್ಚಾ ಹರಳನ್ನು ಎಲ್ಲಿ ಸೀಳಬೇಕೆಂದು ಗುರುತಿಸುವವರು, ಮುಖ ಕೊರೆಯುವವರು, ದರ್ಜೆ ಕಟ್ಟುವವರು ಬೇರೆ ಬೇರೆ. ಗುರುತಿಸುವ ಕೆಲಸ ಈಗ ಬಹುಮಟ್ಟಿಗೆ ಕಂಪ್ಯೂಟರಿನ ನೆರವಿನಿಂದ ನಡೆಯುತ್ತದೆ. ಆದರೆ ಅನೇಕ ಕಡೆ ಕೂಲಿ ಹರಳಿನ ಲೆಕ್ಕದಲ್ಲಿ ಸಲ್ಲುತ್ತದೆ. 2008ರಲ್ಲಿ ವಿದೇಶೀ ಬೇಡಿಕೆ ಕುಸಿದಾಗ ಸಹಸ್ರಾರು ಕುಶಲಕರ್ಮಿಗಳು ಕೆಲಸ ಕಳೆದುಕೊಂಡರು.

ಆದುದರಿಂದ ಸೇರುವ ಮುನ್ನ ಸಂಬಳವನ್ನಷ್ಟೇ ವಿಚಾರಿಸುವುದು ಸಾಲದು. ಕೆಲಸ ಕಲಿಸುವವರು ಯಾರು, ಕೂಲಿ ತಿಂಗಳ ಲೆಕ್ಕವೋ ಹರಳಿನ ಲೆಕ್ಕವೋ, ಭವಿಷ್ಯನಿಧಿ ಉಂಟೇ ಎಂಬುದನ್ನೂ ಕೇಳಿ ತಿಳಿಯಬೇಕು. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಕಾರ್ಖಾನೆಗಳಲ್ಲಿ ಶಿಷ್ಯವೇತನ ಸಹಿತ ತರಬೇತಿ ದೊರೆಯುತ್ತದೆ. ತರಬೇತಿ ಮುಗಿದೊಡನೆ ಅಲ್ಲಿಯೇ ನೌಕರಿ ದೊರೆಯುತ್ತದೆಂಬ ಖಾತರಿ ಇಲ್ಲವಾದರೂ, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ನೀಡುವ ಪ್ರಮಾಣಪತ್ರ ದೇಶದ ಎಲ್ಲೆಡೆ ಮಾನ್ಯವಾಗಿರುತ್ತದೆ.